ಮೇಷ್ಟ್ರಿಗೆ, ಟೀಚರಿಗೆ ಏನು ಕೊಡೋಣ?

ಆಗಸ್ಟ್ ಕೊನೆಯ ವಾರ ಬಂತೆಂದರೆ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. 'ಈ ಸಲ ಟೀಚರ್ಸ್ ಡೇಗೆ ಮಿಸ್‌ಗೆ ಏನು ಕೊಡೋಣ?' ಒಬ್ಬರು ಸೀರೆ ಅನ್ನುತ್ತಾರೆ, ಇನ್ನೊಬ್ಬರು ಬೆಳ್ಳಿ ದೀಪ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮಗುವಿಗೆ ಇಷ್ಟು ಎಂದು ಲೆಕ್ಕ ಬರುತ್ತದೆ, ಹಣ ಕಳಿಸಬೇಕಾದ ಫೋನ್ ನಂಬರೂ ಬರುತ್ತದೆ. ಆ ತಿಂಗಳು ಕೈ ಬಿಗಿಯಾಗಿರುವ ತಾಯಿ ಅದನ್ನು ಓದಿ, ಏನೂ ಬರೆಯದೆ ಫೋನು ಕೆಳಗಿಡುತ್ತಾಳೆ.

ಶಿಕ್ಷಕರಿಗೆ ಕೃತಜ್ಞತೆ ಹೇಳಬೇಕೆನ್ನುವ ಮನಸ್ಸು ಒಳ್ಳೆಯದು. ಹೇಗೆ ಹೇಳಬೇಕು ಎನ್ನುವಲ್ಲಿ ತೊಡಕು. ದುಬಾರಿ ವಸ್ತು ಕೊಟ್ಟರೆ ತೆಗೆದುಕೊಂಡವರಿಗೆ ಮುಜುಗರ, ಕೊಡಲಾಗದವರಿಗೆ ನೋವು. ಏನೂ ಮಾಡದೆ ಬಿಟ್ಟರೆ ವರ್ಷವಿಡೀ ದುಡಿದವರಿಗೆ ಒಂದು ಒಳ್ಳೆಯ ಮಾತೂ ತಲುಪುವುದಿಲ್ಲ. ಖರ್ಚು ಕಡಿಮೆ ಇದ್ದು, ನಿಯಮಕ್ಕೂ ಹೊಂದಿ, ಶಿಕ್ಷಕರಿಗೆ ನಿಜವಾಗಿ ಮುಟ್ಟುವ ದಾರಿಗಳು ಇವೆ. ಅವನ್ನು ಒಂದೊಂದಾಗಿ ನೋಡೋಣ.

ಯಾವ ದಿನ?

ನಮ್ಮ ದೇಶದಲ್ಲಿ ಶಿಕ್ಷಕರ ದಿನ ಸೆಪ್ಟೆಂಬರ್ 5. ಅದು ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಹುಟ್ಟಿದ ದಿನ. ಅವರು ರಾಷ್ಟ್ರಪತಿಯಾದ 1962ರಿಂದ ಈ ಆಚರಣೆ ನಡೆದು ಬಂದಿದೆ. ಕನ್ನಡ ನಾಡಿಗೂ ಅವರಿಗೂ ಹತ್ತಿರದ ನಂಟಿದೆ. 1918ರಿಂದ 1921ರವರೆಗೆ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಗೆ ಹೂವಿನ ಅಲಂಕಾರ ಮಾಡಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ವರ್ಗವಾಗಿ ಹೋಗುವ ಮೇಷ್ಟ್ರನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ, ಡೊಳ್ಳು ಬಡಿಸಿ ಊರ ಗಡಿಯವರೆಗೆ ಬಿಟ್ಟು ಬರುವುದುಂಟು. ಮೈಸೂರಿನ ಆ ಹುಡುಗರು ಇವರನ್ನು ನೋಡಿದ್ದರೆ ಹಿಗ್ಗುತ್ತಿದ್ದರು.

ಬೇರೆ ದಿನಗಳೂ ಇವೆ. ಅಕ್ಟೋಬರ್ 5 ವಿಶ್ವ ಶಿಕ್ಷಕರ ದಿನ. ಯುನೆಸ್ಕೊ 1994ರಲ್ಲಿ ಶುರುಮಾಡಿದ್ದು. ಜನವರಿ 3 ಶಿಕ್ಷಕಿ ಸಾವಿತ್ರಿಬಾಯಿ ಫುಲೆ ಅವರ ಜನ್ಮದಿನ. ನಮ್ಮಲ್ಲಿ ಶಿಕ್ಷಕಿಯರು ಆ ದಿನವನ್ನು ಅಕ್ಕರೆಯಿಂದ ಆಚರಿಸುತ್ತಾರೆ. ಆಷಾಢದ ಹುಣ್ಣಿಮೆ ಗುರುಪೂರ್ಣಿಮೆ.

ಆದರೆ ನನ್ನ ಸಲಹೆ ಬೇರೆ. ಸೆಪ್ಟೆಂಬರ್ 5ರಂದು ಬಹಳಷ್ಟು ಶಿಕ್ಷಕರು ತಾಲ್ಲೂಕು ಕೇಂದ್ರದ ಸಮಾರಂಭಕ್ಕೆ ಹೋಗಿರುತ್ತಾರೆ. ಶಾಲೆಯಲ್ಲಿದ್ದರೂ ಅಂದು ಹೂವು, ಹಾಡು, ಭಾಷಣದ ಗದ್ದಲ. ನಿಮ್ಮ ಮಾತು ಆ ಗದ್ದಲದಲ್ಲಿ ಕಳೆದುಹೋಗಬಾರದು ಎಂದಿದ್ದರೆ ಜುಲೈನ ಒಂದು ಸಾಮಾನ್ಯ ಮಂಗಳವಾರ ಹೋಗಿ. ಮಗು ಮೊದಲ ಸಲ ತಾನೇ ಒಂದು ಕಥೆ ಓದಿದ ಮರುದಿನ ಹೋಗಿ. ಕಾರಣ ಹಸಿಯಾಗಿರುವಾಗ ಹೇಳಿದ ಮಾತು ಹೆಚ್ಚು ಮುಟ್ಟುತ್ತದೆ.

ಉಡುಗೊರೆಗೆ ನಿಯಮ ಇದೆಯೇ?

ಇದೆ. ಸರ್ಕಾರಿ ಶಾಲೆಯ ಶಿಕ್ಷಕರು ಸರ್ಕಾರಿ ನೌಕರರು. ಅವರಿಗೆ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು, 2021 ಅನ್ವಯಿಸುತ್ತವೆ. ಬೆಲೆಬಾಳುವ ಉಡುಗೊರೆ ಪಡೆಯುವುದಕ್ಕೆ ಅಲ್ಲಿ ಕಡಿವಾಣವಿದೆ. ಆದ್ದರಿಂದ ಚಿನ್ನ, ಬೆಳ್ಳಿ, ನಗದು, ಮೊಬೈಲು ಇವುಗಳ ಯೋಚನೆಯನ್ನೇ ಬಿಡಿ. ನೀವು ಪ್ರೀತಿಯಿಂದ ಕೊಟ್ಟದ್ದು ಮುಂದೊಂದು ದಿನ ಅವರ ಮೇಲಿನ ದೂರಿಗೆ ಕಾರಣವಾಗಬಾರದು. ಖಾಸಗಿ ಶಾಲೆಗಳಲ್ಲೂ ಅನೇಕ ಆಡಳಿತ ಮಂಡಳಿಗಳು ಉಡುಗೊರೆ ಬೇಡ ಎಂದು ಸುತ್ತೋಲೆ ಕಳಿಸುತ್ತವೆ. ಸಂಶಯವಿದ್ದರೆ ಮುಖ್ಯ ಶಿಕ್ಷಕರನ್ನೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಎಷ್ಟೋ ಸಲ ಅವರಿಗೇ ನೆಮ್ಮದಿಯಾಗುತ್ತದೆ.

ನಿಯಮದ ಮಾತು ಹಾಗಿರಲಿ, ನಾನು ಇನ್ನೂ ಒಂದು ಕಾರಣಕ್ಕೆ ದುಬಾರಿ ಉಡುಗೊರೆ ಬೇಡ ಎನ್ನುತ್ತೇನೆ. ಮಕ್ಕಳು ನೋಡುತ್ತಿರುತ್ತಾರೆ. ಒಬ್ಬಳು ಜರಿ ಕಾಗದ ಸುತ್ತಿದ ದೊಡ್ಡ ಡಬ್ಬಿ ಕೊಡುತ್ತಾಳೆ. ಪಕ್ಕದವಳ ಕೈಯಲ್ಲಿ ಮನೆ ಅಂಗಳದ ಒಂದು ಸೇವಂತಿಗೆ. ಟೀಚರು ಇಬ್ಬರಿಗೂ ಒಂದೇ ನಗು ಕೊಟ್ಟರೂ ಆ ಎರಡನೆಯ ಮಗು ಡಬ್ಬಿಯನ್ನೇ ನೋಡುತ್ತಿರುತ್ತದೆ. ತರಗತಿಯಿಂದ ಏನೇ ಕೊಟ್ಟರೂ ಎಲ್ಲ ಮಕ್ಕಳ ಹೆಸರಿನಲ್ಲಿ ಒಂದೇ ಕೊಡಿ. ಹಣ ಕೂಡಿಸಲೇಬೇಕಾದರೆ ಇಂತಿಷ್ಟೇ ಎಂದು ಹೇಳಬೇಡಿ. ಕೊಟ್ಟವರು ಯಾರು, ಬಿಟ್ಟವರು ಯಾರು ಎಂಬ ಪಟ್ಟಿಯನ್ನು ಗುಂಪಿನಲ್ಲಿ ಹಾಕಬೇಡಿ. ಪರೀಕ್ಷೆಗೆ ಮುಂಚೆ ಏನನ್ನೂ ಕೊಡಬೇಡಿ. ಅಂಕಕ್ಕಾಗಿ ಕೊಟ್ಟರು ಎಂಬ ಮಾತಿಗೆ ಆಗ ಎಡೆಯೇ ಇರುವುದಿಲ್ಲ.

ಕಾಗದ ಬರೆಯಿರಿ

ಶಿಕ್ಷಕರ ಮನೆಯ ಬೀರು ತೆಗೆದು ನೋಡಿ. ಸೀರೆ ಯಾರು ಕೊಟ್ಟದ್ದೋ ಮರೆತಿರುತ್ತದೆ. ಗೋಡೆ ಗಡಿಯಾರ ಯಾರಿಗೋ ದಾಟಿರುತ್ತದೆ. ಆದರೆ ಹಳೆಯ ವಿದ್ಯಾರ್ಥಿಯ ಕಾಗದ ಒಂದು ಕಡತದಲ್ಲಿ ಜೋಪಾನವಾಗಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೇಳಿದ್ದರಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ.

ಏನು ಬರೆಯುವುದು ಎಂದು ತಡಬಡಿಸುವವರು ಬಹಳ. 'ನೀವು ಒಳ್ಳೆಯ ಶಿಕ್ಷಕರು, ನಿಮಗೆ ಧನ್ಯವಾದ' ಎಂದು ಬರೆದರೆ ಅದು ಯಾರಿಗೆ ಬೇಕಾದರೂ ಸಲ್ಲುತ್ತದೆ. ಕಾಗದದಲ್ಲಿ ಒಂದು ಘಟನೆ ಇರಲಿ. ಅವರು ಏನು ಮಾಡಿದರು, ಅದರಿಂದ ನಿಮ್ಮ ಮಗುವಿನಲ್ಲಿ ಏನು ಬದಲಾಯಿತು, ಅದು ನಿಮಗೆ ಹೇಗೆ ಗೊತ್ತಾಯಿತು. ಈ ಮೂರು ಇದ್ದರೆ ಸಾಕು. ಹೀಗೆ ಬರೆಯಬಹುದು:

'ಮಾನ್ಯ ಟೀಚರ್‌ ಅವರಿಗೆ ನಮಸ್ಕಾರ. ನನ್ನ ಮಗ ಮೂರನೇ ತರಗತಿಗೆ ಬಂದಾಗ ಕಳೆಯುವ ಲೆಕ್ಕ ಎಂದರೆ ಅಳುತ್ತಿದ್ದ. ನೀವು ಹುಣಸೆ ಬೀಜ ಎಣಿಸಿ ದಶಕ ತೆಗೆದುಕೊಳ್ಳುವುದನ್ನು ತೋರಿಸಿದಿರಂತೆ. ಈಗ ಅಂಗಡಿಗೆ ಹೋದರೆ ಚಿಲ್ಲರೆ ಎಷ್ಟು ಬರಬೇಕು ಎಂದು ಅವನೇ ಹೇಳುತ್ತಾನೆ. ಮೊನ್ನೆ ಅಂಗಡಿಯವರು 10 ರೂಪಾಯಿ ಕಡಿಮೆ ಕೊಟ್ಟದ್ದನ್ನು ಹಿಡಿದ. ನಮಗೆ ಮನೆಯಲ್ಲಿ ಕಲಿಸಲು ಆಗಿರಲಿಲ್ಲ. ನಿಮ್ಮಿಂದ ಆಯಿತು.'

ಏಳು ಸಾಲು. ಸಾಹಿತ್ಯ ಬೇಕಿಲ್ಲ, ಅಕ್ಷರ ಮುದ್ದಾಗಿರಬೇಕೆಂದೂ ಇಲ್ಲ. ಬರೆಯಲು ಬಾರದ ತಾಯ್ತಂದೆ ಹೇಳಿ, ಮಗು ಬರೆದರೂ ಆಯಿತು. ಇನ್ನೂ ಅಕ್ಷರ ಕೂಡಿಸಲು ಬಾರದ ಒಂದನೇ ತರಗತಿಯ ಮಗು ಹೇಳಿದ್ದನ್ನು ಅದು ಹೇಳಿದಂತೆಯೇ ನೀವು ಬರೆದುಕೊಡಿ. ಅದರ ಮಾತನ್ನು ತಿದ್ದಬೇಡಿ. 'ನಮ್ ಟೀಚರ್ ಕತೆ ಹೇಳುವಾಗ ಕರಡಿ ಥರ ಮಾಡ್ತಾರೆ' ಎಂಬ ಸಾಲು ಹಾಗೆಯೇ ಇರಲಿ.

ಖರ್ಚು? ಅಂಚೆ ಕಚೇರಿಯಲ್ಲಿ ಪೋಸ್ಟ್ ಕಾರ್ಡಿನ ಬೆಲೆ 50 ಪೈಸೆ. ಇನ್‌ಲ್ಯಾಂಡ್ ಲೆಟರ್, ಅಂದರೆ ಮಡಿಚಿ ಅಂಟಿಸುವ ನೀಲಿ ಕಾಗದ, 2 ರೂಪಾಯಿ 50 ಪೈಸೆ. ಅಂಚೆಯಲ್ಲಿ ಬಂದ ಕಾಗದಕ್ಕೆ ಒಂದು ಘನತೆ ಇದೆ. ಶಾಲೆಯ ವಿಳಾಸಕ್ಕೆ ಕಳಿಸಿದರೆ ಸಿಬ್ಬಂದಿ ಕೊಠಡಿಯಲ್ಲಿ ಉಳಿದವರ ಎದುರಿಗೆ ಅವರ ಕೈಗೆ ಬರುತ್ತದೆ. ಪೋಸ್ಟ್ ಕಾರ್ಡನ್ನು ಯಾರು ಬೇಕಾದರೂ ಓದಬಹುದಲ್ಲ ಎನ್ನುತ್ತೀರಾ? ಓದಲಿ, ಮೆಚ್ಚುಗೆಯ ಮಾತು ತಾನೇ.

ಸ್ವಲ್ಪ ಹೆಚ್ಚು ಖರ್ಚು ಮಾಡುವ ಮನಸ್ಸಿದ್ದರೆ ಅಂಚೆ ಇಲಾಖೆಯ 'ಮೈ ಸ್ಟ್ಯಾಂಪ್' ಯೋಜನೆ ನೋಡಿ. ನೀವು ಕೊಟ್ಟ ಭಾವಚಿತ್ರವನ್ನು ಅಂಚೆಚೀಟಿಯ ಪಕ್ಕದಲ್ಲಿ ಮುದ್ರಿಸಿಕೊಡುತ್ತಾರೆ. 12 ಚೀಟಿಗಳ ಒಂದು ಹಾಳೆಗೆ 300 ರೂಪಾಯಿ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಂಥ ದೊಡ್ಡ ಕಚೇರಿಗಳಲ್ಲಿ ಈ ಸೌಲಭ್ಯ ಉಂಟು. ಗುರುತಿನ ಚೀಟಿ ಮತ್ತು ಸ್ಪಷ್ಟವಾದ ಫೋಟೊ ಬೇಕು. ನಿವೃತ್ತರಾಗುವ ಶಿಕ್ಷಕರಿಗೆ ಇದು ಚೆಂದದ ಕಾಣಿಕೆ. ಅವರ ಮುಖವಿರುವ ಚೀಟಿ ಹಚ್ಚಿದ ಕಾಗದ ಅವರ ಮನೆಗೇ ಬಂದರೆ ಮೊಮ್ಮಕ್ಕಳಿಗೆ ತೋರಿಸದೆ ಇರುತ್ತಾರೆಯೇ?

ಇನ್ನೊಂದು ಕಾಗದವನ್ನು ಜನ ಬರೆಯುವುದೇ ಇಲ್ಲ. ಅದು ಮೇಲಧಿಕಾರಿಗೆ ಬರೆಯುವ ಮೆಚ್ಚುಗೆಯ ಕಾಗದ. ಬಿಇಒ, ಅಂದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ಕಚೇರಿಗೆ ದೂರುಗಳು ಬರುತ್ತಲೇ ಇರುತ್ತವೆ. ಮೆಚ್ಚುಗೆ ಬರುವುದು ಅಪರೂಪ. ಒಂದು ಹಾಳೆಯಲ್ಲಿ ಶಾಲೆಯ ಹೆಸರು, ಶಿಕ್ಷಕರ ಹೆಸರು, ಅವರು ಮಾಡಿದ ಕೆಲಸ ಬರೆಯಿರಿ. ಪೋಷಕರು ಐದಾರು ಜನ ಸಹಿ ಹಾಕಿ. ಬಿಇಒ ಕಚೇರಿಯ ಟಪಾಲಿನಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಆ ಮುದ್ರೆ ಇರುವ ಪ್ರತಿಯನ್ನು ಶಿಕ್ಷಕರಿಗೆ ಕೊಡಿ. ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿಗೆ ಬರೆಯಿರಿ. ಇದಕ್ಕೆ ಖರ್ಚಾಗುವುದು ಒಂದು ಬೆಳಿಗ್ಗೆ ಮಾತ್ರ.

ಪ್ರಶಸ್ತಿಗೆ ಅರ್ಜಿ ಹಾಕುವಾಗಲೂ ಇಂಥ ಕಾಗದ ಕೆಲಸಕ್ಕೆ ಬರುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2018ರಿಂದ ಶಿಕ್ಷಕರೇ ನೇರವಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಕನಿಷ್ಠ 10 ವರ್ಷ ಸೇವೆ ಆಗಿರಬೇಕು, ಮನೆಪಾಠ ಮಾಡುವವರಿಗೆ ಅವಕಾಶವಿಲ್ಲ. ಆಯ್ಕೆಯಾದವರಿಗೆ ಸೆಪ್ಟೆಂಬರ್ 5ರಂದು ದೆಹಲಿಯಲ್ಲಿ ಪ್ರಶಸ್ತಿಪತ್ರ, ಬೆಳ್ಳಿ ಪದಕ, 50,000 ರೂಪಾಯಿ. ನಮ್ಮ ರಾಜ್ಯದ ಶಾಲಾ ಶಿಕ್ಷಣ ಇಲಾಖೆಯೂ ಅದೇ ದಿನಕ್ಕೆ ರಾಜ್ಯ, ಜಿಲ್ಲಾ ಮಟ್ಟದ ಉತ್ತಮ ಶಿಕ್ಷಕ ಪ್ರಶಸ್ತಿ ಕೊಡುತ್ತದೆ. ತಮ್ಮ ಬಗ್ಗೆ ತಾವೇ ಬರೆದುಕೊಳ್ಳಲು ನಾಚುವ ಒಳ್ಳೆಯ ಶಿಕ್ಷಕರು ಅರ್ಜಿಯನ್ನೇ ಹಾಕುವುದಿಲ್ಲ. ಅವರ ಪಕ್ಕದಲ್ಲಿ ಕೂತು ಫೋಟೊ ಜೋಡಿಸಿ, ದಾಖಲೆ ಸ್ಕ್ಯಾನ್ ಮಾಡಿ, ಅಂದರೆ ಕಾಗದದ ಚಿತ್ರವನ್ನು ಕಂಪ್ಯೂಟರಿಗೆ ಏರಿಸಿ ಅರ್ಜಿ ತುಂಬಲು ಒತ್ತಾಸೆಯಾಗಿ ನಿಲ್ಲುವುದೂ ಗೌರವವೇ. ಪ್ರಶಸ್ತಿ ಬರಲಿ ಬಿಡಲಿ, ತಮ್ಮ ಕೆಲಸವನ್ನು ಊರವರು ಗಮನಿಸಿದ್ದಾರೆ ಎಂಬುದು ಅವರಿಗೆ ತಿಳಿಯುತ್ತದೆ.

ವಸ್ತು ಕೊಡಲೇಬೇಕೆಂದಿದ್ದರೆ

ಶಿಕ್ಷಕರು ತಮ್ಮ ಸ್ವಂತ ಹಣದಿಂದ ತರಗತಿಗೆ ಏನು ಕೊಳ್ಳುತ್ತಾರೆ ಎಂದು ಗಮನಿಸಿ. ಚಾರ್ಟ್ ಹಾಳೆ, ಬಣ್ಣದ ಪೆನ್ನು, ಅಂಟು, ಜೆರಾಕ್ಸ್, ಪ್ರತಿಭಾ ಕಾರಂಜಿ ಸ್ಪರ್ಧೆಗೆ ಹೊರಟ ಮಗುವಿನ ವೇಷದ ಬಾಡಿಗೆ, ಕೆಲವೊಮ್ಮೆ ಬಸ್ ಚಾರ್ಜು ಕೂಡ. ಆ ಖರ್ಚನ್ನು ನೀವು ಹೊತ್ತರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ನಲಿಕಲಿ ತರಗತಿಯನ್ನೇ ನೋಡಿ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರ ಸುಮಾರಿಗೆ ಹುಟ್ಟಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಒಂದೊಂದು ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತಾ ಕಾರ್ಡು ಎತ್ತಿಕೊಂಡು ಕಲಿಯುತ್ತದೆ. ಕಾರ್ಡು ನೂರಾರು ಪುಟ್ಟ ಕೈಗಳಿಗೆ ಸಿಕ್ಕು ಅಂಚು ಕಿತ್ತುಹೋಗುತ್ತದೆ. ಆ ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿಕೊಡುತ್ತೇವೆ, ಅಂದರೆ ಪ್ಲಾಸ್ಟಿಕ್ ಹೊದಿಕೆ ಹಾಕಿಸುತ್ತೇವೆ ಎಂದು ಹೇಳಿ ನೋಡಿ. ಟೀಚರ ಮುಖ ಅರಳುತ್ತದೆ.

ಹೇಗೆ ಕೊಡುವುದು? ಮೊದಲು ಕೇಳಿ. ಕೇಳದೆ ತಂದುಕೊಟ್ಟ ಮೂರನೆಯ ಗೋಡೆ ಗಡಿಯಾರ ಕಪಾಟು ಸೇರುತ್ತದೆ. ಮುಖ್ಯ ಶಿಕ್ಷಕರ ಹತ್ತಿರ ಕೊರತೆಯ ಪಟ್ಟಿ ಇದ್ದೇ ಇರುತ್ತದೆ. ವಸ್ತುವನ್ನು ಶಾಲೆಗೆ ಕೊಟ್ಟು, 'ಇಂಥ ಶಿಕ್ಷಕರ ಗೌರವಾರ್ಥ' ಎಂದು ಬರೆಸಿ. ಸಾಧ್ಯವಾದರೆ ಎಸ್‌ಡಿಎಂಸಿ ಸಭೆಯಲ್ಲಿ ಕೊಡಿ. ಎಸ್‌ಡಿಎಂಸಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಪೋಷಕರೇ ಹೆಚ್ಚಾಗಿ ಇರುವ ಈ ಸಮಿತಿ 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಉಂಟು. ಕೊಟ್ಟದ್ದು ದಾಸ್ತಾನು ವಹಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಆಗ ವಸ್ತು ಶಾಲೆಯದಾಗುತ್ತದೆ, ಗೌರವ ಶಿಕ್ಷಕರದಾಗುತ್ತದೆ, ನಿಯಮದ ತೊಡಕೂ ಇರುವುದಿಲ್ಲ. ದೂರದ ಊರಿನಲ್ಲಿರುವವರಿಗೆ ಕೇಂದ್ರ ಶಿಕ್ಷಣ ಸಚಿವಾಲಯದ 'ವಿದ್ಯಾಂಜಲಿ' ಎಂಬ ಜಾಲತಾಣ ಇದೆ. 2021ರಲ್ಲಿ ಹೊಸ ರೂಪದಲ್ಲಿ ಶುರುವಾಯಿತು. ಶಾಲೆಗಳು ತಮಗೆ ಬೇಕಾದದ್ದನ್ನು ಅಲ್ಲಿ ಹಾಕುತ್ತವೆ. ನೀವು ಹೆಸರು ನೋಂದಾಯಿಸಿ ವಸ್ತುವನ್ನೂ ಕೊಡಬಹುದು, ಸಮಯವನ್ನೂ ಕೊಡಬಹುದು.

ಪುಸ್ತಕ ಯಾವತ್ತೂ ಸಲ್ಲುತ್ತದೆ. ಮಕ್ಕಳನ್ನು ಪ್ರೀತಿಸುವ ಶಾಲೆಯೊಂದರ ಕಥೆ ಹೇಳುವ 'ತೊತ್ತೊಚಾನ್' ಕನ್ನಡದಲ್ಲಿ ಸಿಗುತ್ತದೆ. ಶಿಕ್ಷಕರಾದವರು ಅದನ್ನು ಓದಿ ಒಮ್ಮೆ ಕಣ್ಣೊರೆಸಿಕೊಳ್ಳುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಒಳ್ಳೆಯ ಪುಸ್ತಕಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ನವೆಂಬರಿನಲ್ಲಿ ರಿಯಾಯಿತಿ ಇನ್ನೂ ಹೆಚ್ಚಿಸುವ ರೂಢಿ ಇದೆ. ನವಕರ್ನಾಟಕ, ಸಪ್ನದಂಥ ಮಳಿಗೆಗಳು ಅಂಚೆಯಲ್ಲೂ ಕಳಿಸುತ್ತವೆ. ವಿಜ್ಞಾನದ ಮೇಷ್ಟ್ರಾದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಗೆ ಅವರ ಹೆಸರಿನಲ್ಲಿ ಚಂದಾ ಕಟ್ಟಿ. ತಿಂಗಳಿಗೊಮ್ಮೆ ನಿಮ್ಮ ನೆನಪು ತರಗತಿಗೆ ಬರುತ್ತದೆ.

ಹೊರೆ ಇಳಿಸುವುದು

ಮಕ್ಕಳಿಗೆ ಪಾಠ ಹೇಳುವುದಷ್ಟೇ ಶಿಕ್ಷಕರ ಕೆಲಸ ಎಂದು ನಾವು ತಿಳಿದಿದ್ದೇವೆ. ಆದರೆ ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕವೂ ಅವರದೇ. ಸ್ಯಾಟ್ಸ್ ಎಂಬ ತಂತ್ರಾಂಶದಲ್ಲಿ ಪ್ರತಿ ಮಗುವಿನ ಹಾಜರಿ, ಅಂಕ, ವಿವರ ತುಂಬುವುದೂ ಅವರದೇ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆದರೂ 2025ರ ದಸರಾ ರಜೆಯಲ್ಲಿ ನಮ್ಮ ಶಿಕ್ಷಕರು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ಮನೆ ಮನೆ ಸುತ್ತಿದ್ದನ್ನು ನೀವೇ ನೋಡಿದ್ದೀರಿ. ಬಾಗಿಲಿಗೆ ಬಂದ ಶಿಕ್ಷಕಿಗೆ ಕುರ್ಚಿ ಹಾಕಿ, ಒಂದು ಲೋಟ ನೀರು ಕೊಟ್ಟು, ತಾಳ್ಮೆಯಿಂದ ಉತ್ತರ ಹೇಳಿದ ಮನೆಯವರನ್ನು ಅವರು ಮರೆಯುವುದಿಲ್ಲ.

ನಿಮ್ಮಿಂದ ಆಗುವ ಸಹಾಯ ಕೇಳಿ. ಪೋಷಕರ ಸಭೆಗೆ ತಪ್ಪದೆ ಬನ್ನಿ. ಖಾಲಿ ಕುರ್ಚಿಗಳ ಮುಂದೆ ಮಾತಾಡುವ ಶಿಕ್ಷಕರ ಬೇಸರ ದೊಡ್ಡದು. ಕಂಪ್ಯೂಟರ್ ಬಲ್ಲವರು ಶನಿವಾರ ಮಧ್ಯಾಹ್ನ ಬಂದು ಕನ್ನಡದಲ್ಲಿ ಟೈಪ್ ಮಾಡುವುದನ್ನು ಹೇಳಿಕೊಡಿ. ಗಾರೆ ಕೆಲಸದವರು ಒಡೆದ ಮೆಟ್ಟಿಲು ಸರಿಮಾಡಿಕೊಡಿ. ಹಾಡು ಬಲ್ಲ ಅಜ್ಜಿ ವಾರಕ್ಕೊಮ್ಮೆ ಬಂದು ಸೋಬಾನೆ ಪದ ಕಲಿಸಲಿ. ಆ ಹೊತ್ತಿನಲ್ಲಿ ಟೀಚರಿಗೆ ನೋಟ್ ಪುಸ್ತಕ ತಿದ್ದಲು ಬಿಡುವು ಸಿಗುತ್ತದೆ. ರಾತ್ರಿ ಹತ್ತಕ್ಕೆ ಶಿಕ್ಷಕರಿಗೆ ಸಂದೇಶ ಕಳಿಸದಿರುವುದೂ ಒಂದು ಉಪಕಾರ.

'ನಮ್ಮ ಮಿಸ್ ಬಹಳ ಜೋರು, ಅವರ ಮೇಲೆ ನನಗೆ ಅಸಮಾಧಾನವೇ ಇದೆ' ಎನ್ನುವವರೂ ಇರಬಹುದು. ಅಸಮಾಧಾನವಿದ್ದರೆ ನೇರವಾಗಿ ಹೋಗಿ ಮಾತಾಡಿ. ಸುಳ್ಳು ಹೊಗಳಿಕೆ ಯಾರಿಗೂ ಬೇಡ. ಆದರೆ ದೂರು ಹೇಳಲು ಹೋದವರು ಅವರಲ್ಲಿ ಕಂಡ ಒಂದು ಒಳ್ಳೆಯದನ್ನೂ ಹೇಳಿ ಬನ್ನಿ.

ಗುರುವಂದನೆ ಮಾಡುವವರಿಗೆ

ಈಗ ನಾಡಿನ ತುಂಬ ಗುರುವಂದನೆ ಕಾರ್ಯಕ್ರಮಗಳು ನಡೆಯುತ್ತಿವೆ. ಇಪ್ಪತ್ತೈದು, ಮೂವತ್ತು ವರ್ಷದ ಹಿಂದೆ ಎಸ್‌ಎಸ್‌ಎಲ್‌ಸಿ ಓದಿದವರು ವಾಟ್ಸ್‌ಆ್ಯಪ್‌ನಲ್ಲಿ ಕೂಡಿಕೊಂಡು, ಹಳೆಯ ಗುರುಗಳನ್ನು ಕರೆದು ಶಾಲು ಹೊದಿಸುತ್ತಾರೆ. ನನಗೆ ಬಹಳ ಇಷ್ಟವಾದ ರೂಢಿ ಇದು. ಆದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಕಾರ್ಯಕ್ರಮವೂ ವಯಸ್ಸಾದ ಗುರುಗಳಿಗೆ ದಣಿವಾಗುವುದುಂಟು. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಪಟ್ಟಿ ಮಾಡಿ. ಶಾಲೆಯ ಹಾಜರಿ ವಹಿ, ಹಳೆಯ ಗುಂಪು ಫೋಟೊ, ನಿವೃತ್ತ ಮುಖ್ಯ ಶಿಕ್ಷಕರ ನೆನಪು ಈ ಮೂರನ್ನೂ ಹಿಡಿದು ಕೂತರೆ ಹೆಸರು ಸಿಗುತ್ತವೆ. ವಿಳಾಸಕ್ಕೆ ತಾಲ್ಲೂಕಿನ ಶಿಕ್ಷಕರ ಸಂಘದವರನ್ನು, ನಿವೃತ್ತ ನೌಕರರ ಸಂಘದವರನ್ನು ಕೇಳಿ. ಒಂದು ವರ್ಷ ಮಾತ್ರ ಇದ್ದು ಹೋದ ಹಿಂದಿ ಪಂಡಿತರು, ಡ್ರಾಯಿಂಗ್ ಮೇಷ್ಟ್ರು, ಪಿ.ಟಿ. ಮಾಸ್ತರು, ಹೊಲಿಗೆ ಟೀಚರು, ಗಂಟೆ ಹೊಡೆಯುತ್ತಿದ್ದ ಜವಾನರು, ಇವರನ್ನು ಬಿಡಬೇಡಿ. ತೀರಿಕೊಂಡವರಿದ್ದರೆ ಅವರ ಹೆಂಡತಿಯನ್ನೋ ಗಂಡನನ್ನೋ ಮಕ್ಕಳನ್ನೋ ಕರೆಯಿರಿ.

ಫೋನಿನಲ್ಲಿ ಕರೆದು ಮುಗಿಸಬೇಡಿ. ಇಬ್ಬರು ಮೂವರು ಮನೆಗೆ ಹೋಗಿ, ಹಣ್ಣು ತಾಂಬೂಲ ಇಟ್ಟು ಆಮಂತ್ರಣ ಕೊಡಿ. ಆ ಭೇಟಿಯಲ್ಲೇ ಗೊತ್ತಾಗುತ್ತದೆ, ಅವರು ಎಷ್ಟು ಹೊತ್ತು ಕೂರಬಲ್ಲರು, ಮೆಟ್ಟಿಲು ಹತ್ತಬಲ್ಲರೆ, ಸಕ್ಕರೆ ಕಾಯಿಲೆ ಇದೆಯೆ, ಕಿವಿ ಹೇಗಿದೆ. ಬರಲಾಗದಷ್ಟು ಅಶಕ್ತರಾದರೆ ಸನ್ಮಾನವನ್ನು ಅವರ ಮನೆಯಲ್ಲೇ ಮಾಡಿ. ನನ್ನ ಮಟ್ಟಿಗೆ ಅದೇ ಹೆಚ್ಚಿನ ಸನ್ಮಾನ.

ಕರೆತರಲು, ಬಿಟ್ಟು ಬರಲು ಒಬ್ಬೊಬ್ಬ ಗುರುಗಳಿಗೆ ಒಬ್ಬ ಹಳೆಯ ವಿದ್ಯಾರ್ಥಿ ಹೊಣೆಯಾಗಲಿ. ವೇದಿಕೆಯ ಮೇಲೆ ಒರಗುವ ಕುರ್ಚಿ ಇರಲಿ, ಶೌಚಾಲಯ ಹತ್ತಿರವಿರಲಿ. ಊಟ ಒಂದು ಗಂಟೆಗೆ ಎಂದರೆ ಒಂದು ಗಂಟೆಗೇ ಆಗಲಿ. ಮಾತ್ರೆ ನುಂಗಬೇಕಾದವರು ಮೂರು ಗಂಟೆಯವರೆಗೆ ಭಾಷಣ ಕೇಳುತ್ತ ಕೂರಬಾರದು. ರಾಜಕಾರಣಿಗಳನ್ನು ಕರೆಯಬೇಡಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅವರು ತಡವಾಗಿ ಬರುತ್ತಾರೆ, ಮೊದಲು ಮಾತಾಡುತ್ತಾರೆ, ಆಮೇಲೆ ಗುರುಗಳಿಗೆ ಉಳಿಯುವುದು ಐದು ನಿಮಿಷ.

ವಂದನೆಯ ಹೊತ್ತಿಗೆ ಹಾಜರಿ ಕರೆಸಿ. ಹಳೆಯ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗುರುಗಳ ಕೈಗೆ ಕೊಡಿ. ಅವರು ಹೆಸರು ಕೂಗಲಿ, ನೀವು ಎದ್ದು ನಿಂತು 'ಬಂದೆ ಸಾರ್' ಎನ್ನಿ. ಕನ್ನಡಕದ ಮೇಲಿಂದ ನೋಡುತ್ತ 'ನೀನು ಹಿಂದಿನ ಬೆಂಚಿನವನಲ್ವೇನೋ' ಎಂದು ಅವರು ಕೇಳುವ ಆ ಗಳಿಗೆಯ ಮುಂದೆ ಉಳಿದ ಎಲ್ಲ ಭಾಷಣಗಳೂ ಸಪ್ಪೆ. ಅವರಿಗೆ ನಿಮ್ಮ ಮುಖ ಗುರುತು ಸಿಗದಿದ್ದರೆ ನೊಂದುಕೊಳ್ಳಬೇಡಿ. ಅವರ ಕೈಕೆಳಗೆ ಸಾವಿರಾರು ಮಕ್ಕಳು ಓದಿ ಹೋಗಿದ್ದಾರೆ. ಹೆಸರು, ಊರು, ತಂದೆಯ ಹೆಸರು ನೀವೇ ಹೇಳಿ.

ಕಾಣಿಕೆಯ ಮಾತು. ಶಾಲು, ಹಾರ, ಫಲತಾಂಬೂಲ ಸಂಪ್ರದಾಯ, ಇರಲಿ. ಸಾಧಾರಣ ಶಾಲು 200ರಿಂದ 300 ರೂಪಾಯಿಗೆ ಸಿಗುತ್ತದೆ. ಅದೇ ಹಣಕ್ಕೆ ಸ್ವಲ್ಪ ಸೇರಿಸಿದರೆ ಖಾದಿ ಭಂಡಾರದಲ್ಲೋ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಯಲ್ಲೋ ಹೊದೆಯಲು ಬರುವ ಒಳ್ಳೆಯ ಶಾಲು ಸಿಗುತ್ತದೆ. ಗಾಜಿನ ಸ್ಮರಣಿಕೆಗೆ ಖರ್ಚು ಮಾಡಬೇಡಿ. ಅದರ ಬದಲು ನಿಮ್ಮ ಬ್ಯಾಚಿನ ಹಳೆಯ ಫೋಟೊವನ್ನು ದೊಡ್ಡದು ಮಾಡಿಸಿ, ಕೆಳಗೆ ಎಲ್ಲರ ಹೆಸರು, ಈಗ ಮಾಡುತ್ತಿರುವ ಕೆಲಸ ಬರೆಸಿ ಕಟ್ಟು ಹಾಕಿಸಿಕೊಡಿ. ರೈತ, ನರ್ಸ್, ಬಸ್ ಕಂಡಕ್ಟರ್, ಎಂಜಿನಿಯರ್ ಎಲ್ಲವೂ ಒಂದೇ ಅಳತೆಯ ಅಕ್ಷರದಲ್ಲಿ ಇರಲಿ. ಅಭಿನಂದನಾ ಪತ್ರ ಓದುವುದಾದರೆ ಮುದ್ರಣಾಲಯದವರ ಬಳಿ ಇರುವ ಸಿದ್ಧ ಪಠ್ಯ ಬೇಡ. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯಿರಿ.

ಹಣ ಉಳಿದರೆ ಹಂಚಿಕೊಳ್ಳದೆ ಶಾಲೆಯಲ್ಲಿ ದತ್ತಿ ಇಡಿ. ದತ್ತಿ ಎಂದರೆ ಅಸಲನ್ನು ಮುಟ್ಟದೆ ಬಡ್ಡಿಯಿಂದ ಪ್ರತಿವರ್ಷ ಒಂದು ಕೆಲಸ ನಡೆಸುವ ನಿಧಿ. 25,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿರಿ ಎನ್ನಿ. ಬಡ್ಡಿ ಶೇಕಡಾ 6.5 ಇದ್ದರೆ ವರ್ಷಕ್ಕೆ 1,625 ರೂಪಾಯಿ ಬರುತ್ತದೆ. ಗಣಿತದ ಮೇಷ್ಟ್ರ ಹೆಸರಿನಲ್ಲಿ ಗಣಿತಕ್ಕೆ ಒಂದು ಬಹುಮಾನ ಆಯಿತು. ಠೇವಣಿ ಶಾಲೆಯ ಹೆಸರಿನಲ್ಲಿರಲಿ, ಯಾವ ವ್ಯಕ್ತಿಯ ಹೆಸರಿನಲ್ಲೂ ಬೇಡ. ಬಹುಮಾನ ಯಾರಿಗೆ, ಯಾವಾಗ, ಆಯ್ಕೆ ಯಾರು ಮಾಡಬೇಕು ಎಂಬ ಷರತ್ತನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರು ಮತ್ತು ಸಮಿತಿಯ ಸಹಿ ಹಾಕಿಸಿ. ಒಂದು ಪ್ರತಿ ನಿಮ್ಮ ಗುಂಪಿನಲ್ಲಿ ಉಳಿಯಲಿ. ಹತ್ತು ವರ್ಷದ ಮೇಲೆ ಬರುವ ಮುಖ್ಯ ಶಿಕ್ಷಕರಿಗೆ ಈ ಹಾಳೆಯೇ ಆಧಾರ.

ಅತಿಥಿ ಶಿಕ್ಷಕರು

ಕಾಯಂ ಹುದ್ದೆ ಖಾಲಿ ಇರುವ ಶಾಲೆಗಳಲ್ಲಿ ಅತಿಥಿ ಶಿಕ್ಷಕರು ಪಾಠ ಮಾಡುತ್ತಾರೆ. ಆ ವರ್ಷದ ಮಟ್ಟಿಗೆ ಮಾತ್ರ ನೇಮಕ, ಗೌರವಧನ ಕಡಿಮೆ, ಅದೂ ಕೆಲವೊಮ್ಮೆ ತಡವಾಗಿ ಬರುತ್ತದೆ. ವರ್ಗಾವಣೆಯಾಗುವ ಶಿಕ್ಷಕರಿಗೆ ಬೀಳ್ಕೊಡುಗೆ ಇದೆ, ನಿವೃತ್ತರಿಗೆ ಸಮಾರಂಭ ಇದೆ. ಇವರು ಮಾತ್ರ ವರ್ಷದ ಕೊನೆಗೆ ಸದ್ದಿಲ್ಲದೆ ಹೋಗುತ್ತಾರೆ. ಎಷ್ಟೋ ಹಳ್ಳಿಗಳಲ್ಲಿ ನಮ್ಮ ಮಕ್ಕಳಿಗೆ ಇಂಗ್ಲಿಷ್, ಗಣಿತ ಕಲಿಸಿದವರು ಇವರೇ.

ಇವರಿಗೆ ಹೂವಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಒಂದು ಅನುಭವ ಪತ್ರ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ತರಗತಿಗೆ, ಯಾವ ವಿಷಯ ಕಲಿಸಿದರು ಎಂದು ಶಾಲೆಯ ಮುದ್ರೆಯ ಹಾಳೆಯಲ್ಲಿ ಮುಖ್ಯ ಶಿಕ್ಷಕರು ಬರೆದುಕೊಡಬೇಕು. ಬೇರೆ ಶಾಲೆಯಲ್ಲಿ ಕೆಲಸ ಕೇಳುವಾಗ ಅದು ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಕೇಳಲು ಅವರಿಗೆ ಹಿಂಜರಿಕೆ ಇರುತ್ತದೆ. ಎಸ್‌ಡಿಎಂಸಿಯಲ್ಲಿರುವ ಪೋಷಕರು ಮಾರ್ಚ್ ತಿಂಗಳ ಸಭೆಯಲ್ಲೇ ವಿಷಯ ಎತ್ತಿ. ಅನುಭವ ಪತ್ರದ ಜೊತೆಗೆ ಮಕ್ಕಳ ಕಾಗದಗಳನ್ನೂ ಒಂದು ಲಕೋಟೆಯಲ್ಲಿ ಇಡಿ. ಅದನ್ನು ಕೊಡುವ ದಿನ ಬಿಸಿಯೂಟದ ಅಡುಗೆಯ ಅಮ್ಮಂದಿರನ್ನೂ ಕರೆದು ಕೂರಿಸಿ, ಆ ಒಂದು ದಿನ ಊಟ ನೀವು ಬಡಿಸಿ.

ಇದೆಲ್ಲವೂ ಏಪ್ರಿಲ್ 10ರ ಒಳಗೆ ಆಗಬೇಕು. ಸಾಮಾನ್ಯವಾಗಿ ಅಂದು ಫಲಿತಾಂಶ ಹೇಳಿ ಶಾಲೆ ಮುಚ್ಚುತ್ತಾರೆ. ಮೇ ಕೊನೆಗೆ ಬಾಗಿಲು ತೆರೆದಾಗ ಆ ಶಿಕ್ಷಕರು ಅದೇ ಶಾಲೆಯಲ್ಲಿ ಇರುತ್ತಾರೆ ಎಂದು ಹೇಳಲಾಗದು.